ಮಾಳಿಗೆ ಮಣ್ಣಿನ ಸಾಹೇಬರು

ಸಂತಾಪ ಸಭೆಯಲ್ಲಿ ಎದ್ದು ನಿಂತವರೆಲ್ಲ ಸಾಹೇಬರ ಸೌಜನ್ಯವನ್ನೇ ಹೊಗಳಿದರು. ಎಷ್ಟು ಮೆತ್ತಗಿನ ಮಾತು, ಎಂಥ ನಯ, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂತ ಒಬ್ಬರ ಹಿಂದೊಬ್ಬರು. ಸಿಂಧನೂರಿನ ಅಕ್ಕಿ ಗಿರಣಿಯೊಂದರ ತಗಡಿನ ಶೆಡ್ಡಿನಲ್ಲಿ ಸಭೆ, ಅದೂ ಬೇಸಿಗೆಯ ಮಧ್ಯಾಹ್ನ. ಕಟ್ಟಡದೊಳಗಿನ ಸೆಕೆಯ ಬಗ್ಗೆ ಜೀವಮಾನವಿಡೀ ಪಾಠ ಹೇಳಿದವರನ್ನು ನೆನೆಯಲು ಇವರಿಗೆ ಈ ಜಾಗವೇ ಸಿಕ್ಕಿತೇ ಎಂದು ನನಗೆ ಮೊದಲೇ ಉರಿದಿತ್ತು. ಅದರ ಮೇಲೆ ಈ ಹೊಗಳಿಕೆ. ಆ ಸೌಜನ್ಯವೇ ಒಂದು ಜೀವ ತಿಂದಿತ್ತು. ಸಭೆಯಲ್ಲಿದ್ದ ಅರ್ಧ ಜನಕ್ಕೆ ಅದು ಗೊತ್ತಿತ್ತು. ಸಾಹೇಬರೇ ಅಲ್ಲಿದ್ದಿದ್ದರೆ ಎದ್ದು ನಿಂತು ಹೇಳಿಬಿಡುತ್ತಿದ್ದರು. ಸತ್ತವರ ಸಭೆಯಲ್ಲಿ ಜಗಳ ಬೇಡವೆಂದು ನಾನು ಬಾಯಿ ಮುಚ್ಚಿಕೊಂಡು ಮಸ್ಕಿಯ ಬಸ್ಸು ಹತ್ತಿದೆ. ಆದರೆ ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಅವರು ಹೈದರಾಬಾದಿನಲ್ಲಿ ಆರ್ಕಿಟೆಕ್ಚರ್ ಓದಿದವರು. ಮನೆಯಲ್ಲಿ ದಖನಿ, ಊರಲ್ಲಿ ನಮ್ಮ ಕನ್ನಡ. ಎರಡರಲ್ಲೂ ಒಂದೇ ನಯ. ಹೈದರಾಬಾದಿನಲ್ಲೇ ಉಳಿದಿದ್ದರೆ ದೊಡ್ಡ ದೊಡ್ಡ ಬಿಲ್ಡಿಂಗುಗಳ ಮೇಲೆ ಅವರ ಹೆಸರಿರುತ್ತಿತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಸಿಂಧನೂರಿಗೆ ವಾಪಸು ಬಂದು ಬಟ್ಟೆ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ಆಫೀಸು ಇಟ್ಟುಕೊಂಡರು. ಬಿಳಿ ಶರ್ಟು, ಕೈಯಲ್ಲಿ ಸದಾ ಒಂದು ಮಡಚಿದ ಕರವಸ್ತ್ರ. ಹೊಲದಲ್ಲಿ ಸುಣ್ಣದ ಪುಡಿಯಿಂದ ಬರೀ ಗೆರೆ ಹಾಕಿದ ಮನೆಯಾದರೂ ಸರಿ, ಆ ಗೆರೆಯ ಹೊರಗೆ ಚಪ್ಪಲಿ ಬಿಟ್ಟೇ ಒಳಗೆ ಕಾಲಿಡುತ್ತಿದ್ದರು. “ನಾಳೆ ಇಲ್ಲೆ ದೇವರ ಮಾಡ ಬರತೈತ್ರಿ, ಇವತ್ತ ಚಪ್ಪಲಿ ಹಾಕ್ಕೊಂಡು ಹೆಂಗ ನಿಲ್ಲಲಿ?” ಎನ್ನುತ್ತಿದ್ದರು. ಗೌಂಡಿಗಳು ನಗುತ್ತಿದ್ದರು. ಮನೆಯ ಹೆಂಗಸರು ಮಾತ್ರ ಅದನ್ನು ಗಮನಿಸಿ ಅವರ ಮೇಲೆ ಪೂರ್ತಿ ನಂಬಿಕೆ ಇಟ್ಟುಬಿಡುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಓದು ಮುಗಿಸಿ ಮಸ್ಕಿಯಲ್ಲಿ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿದಾಗ, ನನ್ನ ಮಟ್ಟಿಗೆ ವಿದ್ಯೆ ಸಂಪೂರ್ಣವಾಗಿತ್ತು. ಒಂದು ದಿನ ಸಾಹೇಬರು ತಾವೇ ನನ್ನ ಆಫೀಸಿಗೆ ಬಂದರು. ಮೇಜಿನ ಮೇಲಿದ್ದ ನಕ್ಷೆಯನ್ನು ಬಹಳ ಹೊತ್ತು ನೋಡಿ, “ಚಂದ ಬರದೀರಿ. ಈ ಪಡಸಾಲ್ಯಾಗ ಮೇ ತಿಂಗಳ ಮಧ್ಯಾಹ್ನ ಯಾರು ಕೂಡತಾರ್ರಿ?” ಎಂದು ಕೇಳಿದರು. ನಾನು ದಡ್ಡನ ಹಾಗೆ ಮಾಲೀಕರ ಹೆಸರು ಹೇಳಿದೆ. ಅವರು ನಕ್ಕು, “ಬರೂ ಐತಾರ ಸಿಂಧನೂರಿಗೆ ಬರ್ರಿ. ಪಾಸಾದ ಮ್ಯಾಲಿನ ಓದು ಒಂದೀಟು ಉಳದೈತಿ” ಎಂದರು. ಸಿಟ್ಟು ಬಂದಿತ್ತು, ಆದರೂ ಹೋದೆ. ಅಲ್ಲಿ ನನ್ನಂಥವರೇ ಐದಾರು ಜನ ಕೂತಿದ್ದರು: ಹೊಸದಾಗಿ ಓದಿ ಬಂದ ಆರ್ಕಿಟೆಕ್ಟರು, ಸರ್ಕಾರಿ ನೌಕರಿಯ ಇಂಜಿನಿಯರುಗಳು. ಎಲ್ಲರನ್ನೂ ಸಾಹೇಬರು ಹೀಗೆಯೇ ಮನೆ ಮನೆಗೆ ಹೋಗಿ ಮೆತ್ತಗೆ ಕೆಣಕಿ ಕರೆತಂದಿದ್ದರು.

ಪಾಠ ತಿಂಗಳಿಗೊಮ್ಮೆ. ಕರಿಹಲಗೆ ಇಲ್ಲ, ಪುಸ್ತಕ ಇಲ್ಲ. ನಮ್ಮಲ್ಲಿ ಒಬ್ಬರು ಕಟ್ಟಿಸಿದ ಮನೆಗೆ ಎಲ್ಲರೂ ಹೋಗುವುದು, ಬಿಸಿಲು ನೆತ್ತಿಯಿಂದ ವಾಲಿದ ಹೊತ್ತಿಗೆ ಬಾಗಿಲು ಹಾಕಿಕೊಂಡು ಫ್ಯಾನು ಆರಿಸಿ ಕೂಡುವುದು. ಆ ಮನೆಯ ನಕ್ಷೆ ಬರೆದವನು ಮಾತ್ರ ನೆಲದ ಮೇಲೆ ಅಂಗಾತ ಮಲಗಿ ತನ್ನದೇ ಸ್ಲಾಬನ್ನು ನೋಡುತ್ತಿರಬೇಕು. ಲಿಂಗಸುಗೂರಿನಲ್ಲಿ ನಮ್ಮ ಗೆಳೆಯ ಇಂಜಿನಿಯರನ ಪಾಳಿ ಬಂದಾಗ, ಆತ ಬೆವರಿ ಬೆವರಿ ಅಂಗಿ ಬಿಚ್ಚಿದ.

“ಫ್ಯಾನ್ ಹಾಕ್ರೀ ಸಾಹೇಬ್ರ, ಜೀವಾ ಹೊಂಟೈತಿ.”

“ಫ್ಯಾನು ನೀವು ಡಿಸೈನ್ ಮಾಡಿಲ್ಲಲ್ರಿ” ಎಂದರು ಸಾಹೇಬರು ಕರವಸ್ತ್ರದಿಂದ ಅವನಿಗೇ ಗಾಳಿ ಹಾಕುತ್ತ. “ನೀವು ಮಾಡಿದ್ದು ಸ್ಲಾಬು. ಅದನ್ನ ಒಂದೀಟು ನೋಡೂಣು.”

ಅದೇ ಇಂಜಿನಿಯರು ಒಮ್ಮೆ, ಇಷ್ಟೆಲ್ಲ ಕಷ್ಟಪಟ್ಟದ್ದಕ್ಕೆ ಕೊನೆಗೆ ಸರ್ಟಿಫಿಕೇಟ್ ಏನಾದರೂ ಉಂಟೋ ಎಂದು ಕೇಳಿದ. “ಕೊಡತೀನ್ರಿ. ಆದ್ರ ಸಹಿ ನಂದಲ್ಲ. ನೀವು ಕಟ್ಟಿದ ಮನ್ಯಾಗ ಮೂರು ಬ್ಯಾಸಗಿ ಕಳದವರು ಸಹಿ ಮಾಡಬೇಕು” ಎಂದರು. ನಮ್ಮಲ್ಲಿ ಯಾರಿಗೂ ಸರ್ಟಿಫಿಕೇಟ್ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ವರ್ಷಗಳಲ್ಲಿ ನಾನು ಬರೆದ ಮನೆಗಳಲ್ಲಿ ಪಡುವಣದ ಗೋಡೆಗೆ ದೊಡ್ಡ ಕಿಟಕಿ ಇಟ್ಟದ್ದಿಲ್ಲ, ಮೇಲಿನ ಬೆಳಕಿಂಡಿ ಮರೆತದ್ದಿಲ್ಲ.

ಅದು ಕಾಲುವೆಯ ನೀರಿನಿಂದ ನಮ್ಮ ಕಡೆ ಭತ್ತದ ದುಡ್ಡು ಓಡಾಡತೊಡಗಿದ ಕಾಲ. ಕೈಯಲ್ಲಿ ನಾಲ್ಕು ಕಾಸು ಕಂಡವರು ಮೊದಲು ಮಾಡುತ್ತಿದ್ದ ಕೆಲಸ ಮಾಳಿಗೆ ಮನೆ ಕೆಡವಿ ಸ್ಲಾಬು ಹಾಕಿಸುವುದು. ಮಾಳಿಗೆ ಎಂದರೆ ದಪ್ಪ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪು ಹಾಸಿ ಬಡಿದು ಕೂಡಿಸಿದ ಮಣ್ಣು. ಹೊರಗೆ ನೆಲ ಸುಡುವಾಗ ಒಳಗೆ ಕಾಲಿಟ್ಟರೆ ಜೀವ ತಣ್ಣಗಾಗುತ್ತದೆ. ಅದನ್ನು ಕೆಡವುವುದನ್ನು ನೋಡಿದರೆ ಸಾಹೇಬರಿಗೆ ಸಂಕಟ. “ಇದ್ದ ಮರ ಇದ್ದ ಮಣ್ಣು ಹೊರಗ ಚೆಲ್ಲಿ ಲಾರಿಗಟ್ಟಲೆ ಸಿಮೆಂಟು ತರತಾರ. ಆಮ್ಯಾಲೆ ಕರೆಂಟಿಲ್ಲ ಅಂತ ಅಳತಾರ” ಎನ್ನುತ್ತಿದ್ದರು. ಇಂಥ ಮಾತಿಗೆಲ್ಲ ಆಮೇಲಿನ ವರ್ಷಗಳಲ್ಲಿ ಸುಸ್ಥಿರತೆ ಎಂಬ ದೊಡ್ಡ ಹೆಸರು ಬಂತು. ಸಾಹೇಬರು ಆ ಶಬ್ದ ಬಳಸಿದ್ದನ್ನು ನಾನು ಕೇಳಿಲ್ಲ. ಅವರದು ಒಂದೇ ಪದ, ಬಾಳಿಕೆ.

ಮಾಳಿಗೆಯ ಬಾಳಿಕೆಗೆ ಒಂದೇ ಅಡ್ಡಿ, ಅದು ನಮ್ಮ ಜನರ ಚಾಳಿ. ಮಳೆಗಾಲಕ್ಕೆ ಮುಂಚೆ ಪ್ರತಿ ಮನೆಯವರೂ ಹಳ್ಳದ ಕಡೆಯಿಂದ ಸವಳು ಮಣ್ಣು ಹೊತ್ತು ತಂದು ಮಾಳಿಗೆಯ ಮೇಲೆ ಹಾಕುತ್ತಾರೆ. ಆ ಮಣ್ಣು ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ, ಹಾಕುವುದು ಸರಿಯೇ. ಆದರೆ ಹಳೆಯ ಮಣ್ಣನ್ನು ಕೆರೆದು ಇಳಿಸುವವರು ಕಡಿಮೆ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ತೊಲೆ ಮಾತ್ರ ಅಜ್ಜನ ಕಾಲದ್ದೇ. ಹಳೆಯದನ್ನು ಇಳಿಸಿಯೇ ಹೊಸದು ಹಾಕಬೇಕು ಎಂಬುದು ಸಾಹೇಬರ ಪಾಠದಲ್ಲಿ ಪದೇ ಪದೇ ಬರುತ್ತಿದ್ದ ಮಾತು. ಆದ್ದರಿಂದ ಮುಂದೆ ನಡೆದದ್ದನ್ನು ತಿಳಿಯದೆ ಆದ ತಪ್ಪು ಎಂದು ಯಾರೂ ಹೇಳುವಂತಿಲ್ಲ.

ಮುಕ್ಕುಂದದ ಅಮರಪ್ಪ ಎಂಬ ರೈತ ತನ್ನ ಮಾಳಿಗೆ ಕೆಡವಿ ಸ್ಲಾಬಿನ ಮನೆ ಕಟ್ಟಲು ನಕ್ಷೆ ಕೇಳಿಕೊಂಡು ಸಾಹೇಬರ ಹತ್ತಿರ ಬಂದ. ಸಾಹೇಬರು ಅವನ ಮನೆ ನೋಡಿದರು, ಗೋಡೆ ಗಟ್ಟಿಯಿದೆ, ಒಂದೆರಡು ತೊಲೆ ಬದಲಿಸಿದರೆ ಸಾಕು, ಕೆಡವಬೇಡಿ ಎಂದು ಅವನ ಮನಸ್ಸು ತಿರುಗಿಸಿದರು. ಆ ತಿಂಗಳ ಪಾಠ ಅಲ್ಲಿಯೇ ಎಂದು ನಮ್ಮನ್ನೂ ಕರೆದೊಯ್ದರು. ಕೆಳಗಿನಿಂದ ಆಸರೆ ಕೊಟ್ಟು ತೊಲೆ ಬದಲಾಯಿಸಿ ಆಗಿತ್ತು. ಸಾಹೇಬರು ಏಣಿ ಹತ್ತಿ ಮಣ್ಣಿನ ಆಳ ನೋಡಿ ಇಳಿದು ಬಂದು, ಮೇಲಿನದನ್ನೆಲ್ಲ ಇಳಿಸಿ ಒಂದು ಗೇಣಿನಷ್ಟು ಮಾತ್ರ ಉಳಿಸಬೇಕು ಎಂದರು. ಆಗ ಅಮರಪ್ಪನ ತಾಯಿ ಹನುಮವ್ವ ಕಟ್ಟೆಯಿಂದ ಎದ್ದು ಬಂದಳು.

“ಮಣ್ಣು ಇಳಸೂದು ಬ್ಯಾಡ್ರಿ ಸಾಹೇಬ್ರ. ನನ್ನ ಗಂಡ ಕಡೀ ವರ್ಷ ತಲಿ ಮ್ಯಾಲೆ ಹೊತ್ತು ಹಾಕ್ಯಾನ ಅದನ್ನ. ಹಾಕಿ ಇಳದು ಬಂದು ಮಲಗಿದಾವ ಮತ್ತ ಏಳಲಿಲ್ಲ. ಅವನ್ನ ತಿಪ್ಪಿಗೆ ಚೆಲ್ಲು ಅಂತೀರೇನು?”

ಅಮರಪ್ಪ ತಲೆ ತಗ್ಗಿಸಿದ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ಅಮರಪ್ಪನ ಹೆಂಡತಿ ಶರಣಮ್ಮ ಮಾತ್ರ ಸಣ್ಣ ದನಿಯಲ್ಲಿ, “ಇಳಿಸಿದ್ರ ಚಲೋ ಇತ್ತು. ಒಲಿ ಮುಂದ ಕುಂತ್ರ ಮ್ಯಾಲಿಂದ ಮಣ್ಣು ಉದುರತೈತಿ, ರೊಟ್ಟಿ ಮ್ಯಾಲೆಲ್ಲಾ ಬೀಳತೈತಿ” ಎಂದಳು.

“ನೀ ಸುಮ್ಕಿರು” ಎಂದಳು ಅತ್ತೆ.

ಸಾಹೇಬರು ಹನುಮವ್ವನಿಗೆ ಕೈ ಮುಗಿದರು. “ಆತ್ರಿ ಯವ್ವಾ. ಮನಿ ನಿಮ್ಮದು, ಮಾತೂ ನಿಮ್ಮದು. ಮುಂದಿನ ವರ್ಷ ನೋಡೂಣು” ಎಂದರು. ಹೊಸ ಮಣ್ಣು ಹಳೆಯದರ ಮೇಲೆಯೇ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಲಿಂಗಸುಗೂರಿನ ಇಂಜಿನಿಯರು, ಇಷ್ಟು ದಿನ ನಮಗೆ ಹೇಳಿದ್ದು ಒಂದು, ಮಾಡಿದ್ದು ಇನ್ನೊಂದಾಯ್ತಲ್ಲ ಎಂದು ಕೇಳಿಯೇಬಿಟ್ಟ. ಸಾಹೇಬರು, “ಮನಿ ಅಂದ್ರ ಬರೇ ಭಾರದ ಲೆಕ್ಕಲ್ರಿ. ಆ ಮಣ್ಣಾಗ ಆಕಿ ಗಂಡ ಅದಾನ” ಎಂದರು. ಇಡೀ ಬಸ್ಸಿನಲ್ಲಿ ನಮಗಿಂತ ಧನ್ಯರು ಯಾರೂ ಇರಲಿಲ್ಲ. ಎಂಥ ದೊಡ್ಡ ಮನುಷ್ಯ, ಎಂಥ ಸೂಕ್ಷ್ಮ ಎಂದುಕೊಂಡೆವು. ಶರಣಮ್ಮ ಹೇಳಿದ ಮಾತು ನಮ್ಮಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ.

ಆ ವರ್ಷ ಮಳೆ ಹಿಡಿದರೆ ಬಿಡಲಿಲ್ಲ. ಜೋರು ಮಳೆಯಲ್ಲ, ಹಗಲೂ ರಾತ್ರಿ ಜಿಟಿಜಿಟಿ. ಜೋರು ಮಳೆಯಾದರೆ ಮಾಳಿಗೆಯ ಮೇಲಿಂದ ಹರಿದು ಹೋಗುತ್ತದೆ. ಜಿಟಿ ಮಳೆಯನ್ನು ಮಣ್ಣು ಕುಡಿಯುತ್ತ ಕೂಡುತ್ತದೆ. ಅಂಥ ಒಂದು ಬೆಳಗ್ಗೆ ಅಮರಪ್ಪ ಗದ್ದೆಗೆ ಹೋಗಿದ್ದ. ಹನುಮವ್ವ ಎಮ್ಮೆಗೆ ಹುಲ್ಲು ಹಾಕಲು ಹೊರಗೆ ಬಂದಿದ್ದಳು. ಶರಣಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಸ ತೊಲೆಗಳು ತಡೆದುಕೊಂಡವು, ಹಳೆಯದೊಂದು ಮುರಿಯಿತು. ಊರಿನವರು ಸಲಿಕೆ ತಂದು ಮಣ್ಣು ತೆಗೆಯುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದಳು.

ಸುದ್ದಿ ತಿಳಿದು ನಾನು ಮಸ್ಕಿಯಿಂದ ಹೋದಾಗ ಸಾಹೇಬರು ಆಗಲೇ ಅಲ್ಲಿದ್ದರು. ಬಿಳಿ ಶರ್ಟೆಲ್ಲ ರಾಡಿ. ಪಂಚನಾಮೆಗೆ ಬಂದವರು ಮಳೆಯಿಂದ ಬಿದ್ದ ಮನೆ ಎಂದು ಬರೆದುಕೊಂಡು ಹೊರಡುವ ಅವಸರದಲ್ಲಿದ್ದರು. ಸಾಹೇಬರು ಅವರನ್ನು ತಡೆದರು. “ಮಳೀದಲ್ರಿ ತಪ್ಪು. ನಂದು. ಮಣ್ಣು ಇಳಿಸಬೇಕು ಅಂತ ನನಗ ಗೊತ್ತಿತ್ತು, ನಾ ಬಿಟ್ಟೆ. ಹಂಗಂತ ಬರಕೊಳ್ರಿ” ಎಂದರು. ಅವರು ಇವರ ಮುಖ ನೋಡಿ, “ನೀವು ಮನೀಗೆ ಹೋಗ್ರಿ ಸಾಹೇಬ್ರ, ಆರಾಮ ತಗೋರಿ” ಎಂದರು. ಅಮರಪ್ಪ ಸಲಿಕೆ ಹಿಡಿದು ಉಳಿದ ಮಣ್ಣು ಎತ್ತಿ ಹಾಕುತ್ತಿದ್ದ. ಹನುಮವ್ವ ಗೋಡೆಗೆ ಒರಗಿ ಕೂತಿದ್ದಳು, ಕಣ್ಣಲ್ಲಿ ಹನಿ ನೀರಿಲ್ಲ.

ಸರ್ಕಾರ ಬರೆದುಕೊಳ್ಳದಿದ್ದರೇನು, ಊರು ಬರೆದುಕೊಂಡಿತು. ಮಣ್ಣಿನ ಮನೆಯಲ್ಲೇ ಇರಿ ಎಂದು ಹೇಳಿ ಹೆಣ್ಣುಮಗಳನ್ನು ಕೊಂದ ಎಂದು ಸಂತೆಯಲ್ಲಿ, ಚಹಾದಂಗಡಿಯಲ್ಲಿ ಆಡಿಕೊಂಡರು. ಒಂದೇ ಬೇಸಿಗೆಯಲ್ಲಿ ಸುತ್ತಲಿನ ಊರುಗಳಲ್ಲಿ ಎಷ್ಟೋ ಮಾಳಿಗೆಗಳು ನೆಲಕ್ಕೆ ಬಂದವು. ಸಿಮೆಂಟಿನವರು ಸಾಹೇಬರಿಗೆ ಹಾರ ಹಾಕಬೇಕಿತ್ತು. ಅವರ ಆಫೀಸಿಗೆ ಜನ ಬರುವುದು ನಿಂತೇ ಹೋಯಿತು. ಯಾವ ಮಾತಿಗೂ ಸಾಹೇಬರು ಎದುರಾಡಲಿಲ್ಲ. ಜನ ಬೈದಾಗ, “ಖರೇ ಐತ್ರಿ” ಎನ್ನುತ್ತಿದ್ದರು.

ಪಾಠ ಮಾತ್ರ ನಿಲ್ಲಿಸಲಿಲ್ಲ. ಆದರೆ ಪಾಠ ಹೇಳುತ್ತಿದ್ದ ಮನುಷ್ಯ ಬೇರೆಯಾಗಿದ್ದರು. ಪ್ರತಿ ಸಲವೂ ಮುಕ್ಕುಂದದ ಮನೆಯಿಂದಲೇ ಶುರು: ನಾನು ನೋಡಿದೆ, ನನಗೆ ತಿಳಿದಿತ್ತು, ನಾನು ಬಿಟ್ಟೆ. ಹೊಸಬರ ಮುಂದೆ, ಅಪರಿಚಿತರ ಮುಂದೆ, ಒಮ್ಮೆ ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕೂಡ. ಗಿರಾಕಿಯ ಹಟಕ್ಕೆ ಮಣಿದು ಅಡುಗೆಮನೆಗೆ ಹೊಗೆಕಿಂಡಿ ಇಡಲಿಲ್ಲ ಎಂದು ನಾನು ಹೇಳಿದಾಗ, ಎಲ್ಲರ ಎದುರಿಗೇ ನಕ್ಷೆಯನ್ನು ನನ್ನ ಮುಖಕ್ಕೆ ಎಸೆದರು. “ಅವರು ಬ್ಯಾಡ ಅಂದ್ರು, ನೀವು ಹೂಂ ಅಂದ್ರಿ. ಹೊಗಿ ಕುಡಿಯಾಕಿ ಯಾರು? ಆಕಿನ್ನ ಕೇಳೀರೇನು?” ಎಂದು ಕೂಗಿದರು. ಲಿಂಗಸುಗೂರಿನ ಇಂಜಿನಿಯರು ಬರುವುದನ್ನು ಬಿಟ್ಟ. “ಅವರು ಪಾಠ ಮಾಡಾಕತ್ತಿಲ್ಲಪಾ, ಪಾಪ ತೊಳಕೊಳ್ಳಾಕತ್ತಾರ. ಅದಕ್ಕ ನಾವ್ಯಾಕ ನೀರು ಹೊರಬೇಕು?” ಎಂದ. ಕೇಳಿ ನನಗೆ ಕೆಟ್ಟನಿಸಿತು. ಸುಳ್ಳೆಂದು ಮಾತ್ರ ಅನಿಸಲಿಲ್ಲ.

ರೋಹಿಣಿ ಮಳೆ ಹತ್ತಿರ ಬಂದಿತೆಂದರೆ ಸಾಹೇಬರು ಸ್ಕೂಟರಿನ ಹಿಂದೆ ಕಬ್ಬಿಣದ ಸರಳೊಂದನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಉಳಿದಿದ್ದ ಮಾಳಿಗೆ ಮನೆಗಳ ಮುಂದೆ ನಿಲ್ಲಿಸಿ, ಹೇಳದೆ ಕೇಳದೆ ಏಣಿ ಹತ್ತಿ, ಮಣ್ಣಿನಲ್ಲಿ ಸರಳು ಊರಿ ಆಳ ನೋಡುವುದು. ಹೆಚ್ಚಿದ್ದರೆ ಅಲ್ಲಿಂದಲೇ ಬೈಗುಳ ಶುರು. ಎಷ್ಟೋ ಸಲ ಏಣಿ ಹಿಡಿಯುವ ಕೆಲಸ ನನ್ನದಾಗಿತ್ತು. ಮಸ್ಕಿಯ ಹತ್ತಿರದ ಹಳ್ಳಿಯೊಂದರಲ್ಲಿ ಮನೆಯಾಕೆ ಸ್ನಾನದ ಹೊತ್ತಿಗೆ ಮಾಳಿಗೆಯ ಮೇಲೆ ಗಂಡಸನ್ನು ಕಂಡು ಕಸಬರಿಗೆ ತಗೊಂಡು ಏಣಿ ಹತ್ತಿ ಬಂದಳು. ಎರಡೇಟು ಬಿದ್ದೇಬಿಟ್ಟವು. “ಇನ್ನೆರಡು ಹೊಡೀರಿ. ಆದ್ರ ಇವತ್ತ ಮಣ್ಣು ಇಳಿಸ್ರಿ” ಎಂದರು ಸಾಹೇಬರು, ಇಳಿಯದೆ. ಆಕೆಯ ಗಂಡ ಬಂದು ಮಣ್ಣು ಇಳಿಸುವ ತನಕ ಅಲ್ಲೇ ಕೂತರು. ಹೀಗೆ ಎಷ್ಟು ಮನೆ ಉಳಿದವೋ ಗೊತ್ತಿಲ್ಲ. ಬೀಳದ ಮನೆಯ ಲೆಕ್ಕ ಯಾರೂ ಇಡುವುದಿಲ್ಲ. ಊರಲ್ಲಿ ಹುಡುಗರು ಅವರಿಗೆ ಮಣ್ಣು ಸಾಬ ಎಂದು ಅಡ್ಡಹೆಸರಿಟ್ಟರು.

ಆ ತಿರುಗಾಟದ ಕೊನೆ ಪ್ರತಿ ವರ್ಷವೂ ಮುಕ್ಕುಂದ. ಅಮರಪ್ಪ ಅದೇ ಜಾಗದಲ್ಲಿ ಸ್ಲಾಬಿನ ಮನೆ ಕಟ್ಟಿಕೊಂಡಿದ್ದ, ಮರುಮದುವೆ ಆಗಲಿಲ್ಲ. ಸಾಹೇಬರು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಹನುಮವ್ವ ಚಹಾ ತಂದು ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ಒಂದು ಮಾತಿಲ್ಲ, ಬೈಗುಳವಿಲ್ಲ. ಸಾಹೇಬರು ಹೋಗುತ್ತಿದ್ದದ್ದು ಆ ಬೈಗುಳಕ್ಕಾಗಿಯೇ ಎಂದು ನನಗೆ ಖಚಿತವಾಗಿತ್ತು. ಒಮ್ಮೆ ಸ್ಕೂಟರು ಕೆಟ್ಟು ಬಸ್ಸಿಗೆ ಕಾಯುವಾಗ ಅವರೇ ಹೇಳಿದರು: “ಆಕಿ ಒಂದ್ಸಲ ಥೂ ಅಂದುಬಿಟ್ರ ನಾ ನಿದ್ದಿ ಮಾಡೇನು.”

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಒಂದು ಕಾಲಿನಲ್ಲಿ ಗಾಯ ಮಾಯದೆ ನಿಂತುಬಿಟ್ಟಿತು. ಸ್ಕೂಟರು ಓಡಿಸುವುದು ಆಗದು, ಏಣಿಯಂತೂ ದೂರವೇ ಉಳಿಯಿತು. ಆದರೂ ಮಳೆಗಾಲ ಹತ್ತಿರ ಬಂದಾಗ ಮುಕ್ಕುಂದಕ್ಕೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿದರು. ನಾನು ಬಸ್ಸಿನಲ್ಲಿ ಕರೆದೊಯ್ದೆ. ಕಟ್ಟೆಯ ಮೇಲೆ ಕೂಡಿಸಿದೆ. ಅಮರಪ್ಪ ಎಮ್ಮೆಯ ಹತ್ತಿರ ನಿಂತಿದ್ದ. ಹನುಮವ್ವ ಚಹಾ ತಂದಿಟ್ಟಳು. ಬಟ್ಟೆ ಸುತ್ತಿದ ಕಾಲನ್ನು ನೋಡಿದಳು. ಒಳಗೆ ಹೋಗಲಿಲ್ಲ, ಎದುರಿಗೆ ನೆಲದ ಮೇಲೆ ಕುಳಿತಳು.

“ಒಂದು ಕೇಳತೀನಿ ಸಾಹೇಬ್ರ.”

“ಕೇಳ್ರಿ ಯವ್ವಾ.”

“ಊರವರೆಲ್ಲಾ ನಿಮ್ಮನ್ನ ಬೈದ್ರು. ನೀವೂ ಹೋದಲ್ಲೆಲ್ಲಾ ನಂದು ತಪ್ಪು, ನಂದು ತಪ್ಪು ಅಂತ ಹೇಳಕೋತ ಅಡ್ಡಾಡಿದ್ರಿ. ನನಗ ಇಲ್ಲೀತನಕ ಒಬ್ಬರೂ ಒಂದು ಮಾತು ಅಂದಿಲ್ಲ. ಇಗಾ ಇಲ್ಲೇ ನಿಂತಾನಲ್ಲ ನನ್ನ ಮಗ, ಅವನೂ ಅಂದಿಲ್ಲ. ಮುದುಕಿ, ಏನ್ ತಿಳೀತೈತಿ ಅಂತ ಬಿಟ್ಟಾರ.”

ಸಾಹೇಬರು ಏನೋ ಹೇಳಹೋದರು. ಆಕೆ ಕೈ ಅಡ್ಡ ಹಿಡಿದಳು.

“ಇಳಸೂದು ಬ್ಯಾಡ ಅಂದಾಕಿ ನಾನು. ಮಣ್ಣು ಉದುರತೈತಿ ಅಂತ ಆಕಿ ಅಂದ್ರ, ಸುಮ್ಕಿರು ಅಂದಾಕಿನೂ ನಾನು. ದಿನಾ ಒಲಿ ಮುಂದ ಕುಂತು ಆಕಿ ಬಡಿಯೂ ರೊಟ್ಟಿ ನಾ ಬಡಿಯಾಕತ್ತೀನಿ. ಎಲ್ಲಾನೂ ನೀವೊಬ್ಬರೇ ಹೊತಗೊಂಡು ಹೋದ್ರ ನಾ ಏನ್ ಮಾಡ್ಲಿ ಯಪ್ಪಾ? ನನ್ನ ಪಾಲಿಂದು ನನಗ ಕೊಡ್ರಿ.”

ನಾನು ಅಮರಪ್ಪನ ಕಡೆ ನೋಡಿದೆ. ಅವನು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಹಾಗೆಯೇ ನಿಂತಿದ್ದ. ಸಾಹೇಬರು ಈಗ ಆಕೆಯನ್ನು ಸಮಾಧಾನ ಮಾಡುತ್ತಾರೆ, ನಿಮ್ಮದೇನೂ ತಪ್ಪಿಲ್ಲ ಅನ್ನುತ್ತಾರೆ ಎಂದುಕೊಂಡೆ. ಯಾರಾದರೂ ಹಾಗೆಯೇ ಅನ್ನುತ್ತಿದ್ದರು, ನಾನಂತೂ ಖಂಡಿತ ಅನ್ನುತ್ತಿದ್ದೆ. ಚಹಾದ ಮೇಲೆ ಕೆನೆ ಕಟ್ಟಿತು.

“ಹೌದ್ರಿ ಯವ್ವಾ” ಎಂದರು ಕೊನೆಗೆ. “ನೀವು ಬ್ಯಾಡ ಅನ್ನಬಾರದಿತ್ತು. ನಿಮ್ಮ ಸೊಸಿ ಹೇಳಿದ್ದನ್ನ ನೀವು ಕೇಳಬೇಕಿತ್ತು. ನಾನೂ ಕೇಳಬೇಕಿತ್ತು. ನಾವಿಬ್ಬರೂ ಕೇಳಲಿಲ್ಲ.”

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಸದ್ದೇ ಬರಲಿಲ್ಲ, ಆಮೇಲೆ ಬಂತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು, ಆದರೆ ಯಾರೂ ಹತ್ತಿರ ಬರಲಿಲ್ಲ. ಸಾಹೇಬರು ಆಕೆಯ ಎದುರಿಗೆ ಹಾಗೆಯೇ ಕೂತಿದ್ದರು. ಸೊಸೆಯ ಹೆಣ ಎತ್ತುವಾಗಲೂ ತನ್ನವ್ವ ಅತ್ತಿರಲಿಲ್ಲ ಎಂದು, ನಮ್ಮನ್ನು ಬಸ್ಸು ಹತ್ತಿಸಲು ಬಂದ ಅಮರಪ್ಪ ಹೇಳಿದ.